ಅಂಕಿತ ಉಳಿಯಿತು, ಧಾಟಿಯೂ ಉಳಿಯಬೇಕು
ರಾಯಚೂರು, ದೇವದುರ್ಗ, ಮಾನ್ವಿ ಸೀಮೆಯ ಮನೆಹಾಡುಗಳು ಮತ್ತು ಮಹಿಳಾ ವಾಗ್ಗೇಯಕಾರರು



ಶಾಸ್ತ್ರೀಯ ಸಂಗೀತದ ದೊಡ್ಡ ವಾಗ್ಗೇಯಕಾರರ ಹೆಸರು ಹೇಳಿ ಎಂದು ಯಾರನ್ನಾದರೂ ಕೇಳಿ ನೋಡಿ. ಪುರಂದರದಾಸರು, ತ್ಯಾಗರಾಜರು, ಮುತ್ತುಸ್ವಾಮಿ ದೀಕ್ಷಿತರು, ಶ್ಯಾಮಾಶಾಸ್ತ್ರಿಗಳು ಎಂದು ಥಟ್ಟನೆ ಉತ್ತರ ಬರುತ್ತದೆ. ಹಿಂದುಸ್ತಾನಿ ಪದ್ಧತಿ ಬಲ್ಲವರಾದರೆ ಸದಾರಂಗ, ಅದಾರಂಗರನ್ನೂ ಸೇರಿಸುತ್ತಾರೆ. ಹೆಣ್ಣುಮಕ್ಕಳಲ್ಲಿ ಒಬ್ಬರ ಹೆಸರು ಹೇಳಿ ಎಂದರೆ ಮಾತ್ರ ಉತ್ತರ ತಡವಾಗುತ್ತದೆ. ಹಾಡಿದ ಹೆಣ್ಣುಮಕ್ಕಳ ಹೆಸರು ನಮಗೆ ನೂರಾರು ಗೊತ್ತು. ಹಾಡು ಕಟ್ಟಿದವರ ಹೆಸರು ನಾಲಗೆಯ ಮೇಲೆ ಬರುವುದಿಲ್ಲ.

ಹಾಗಾದರೆ ಹೆಣ್ಣುಮಕ್ಕಳು ಹಾಡು ಕಟ್ಟಲಿಲ್ಲವೇ? ಇದಕ್ಕೆ ಉತ್ತರ ಹುಡುಕಲು ನೀವು ಬಹಳ ದೂರ ಹೋಗಬೇಕಾಗಿಲ್ಲ. ಶ್ರಾವಣದ ಶುಕ್ರವಾರ, ನವರಾತ್ರಿಯ ಸಂಜೆ ಅಥವಾ ಮದುವೆಮನೆಯ ಹಸೆಯ ಹೊತ್ತಿನಲ್ಲಿ ಮಾನ್ವಿಯಲ್ಲೋ ದೇವದುರ್ಗದಲ್ಲೋ ರಾಯಚೂರಿನ ಹಳೆಯ ಓಣಿಗಳಲ್ಲೋ ಹಿರಿಯ ಹೆಣ್ಣುಮಕ್ಕಳು ಕೂತು ಹಾಡುವಾಗ ಕಿವಿಗೊಡಿ. “ಇದು ಯಾರ ಹಾಡು, ಅವ್ವ?” ಎಂದು ಕೇಳಿದರೆ “ದಾಸರ ಪದ” ಎಂಬ ಉತ್ತರ ಸಿಗುತ್ತದೆ. ಆ ಉತ್ತರ ತಪ್ಪಲ್ಲ. ಆದರೆ ಪೂರ್ತಿಯಾದದ್ದೂ ಅಲ್ಲ. ಆ ಹಾಡುಗಳಲ್ಲಿ ಕೆಲವು ದಾಸರವಾದರೆ ಕೆಲವು ದಾಸಿಯರವು. ಹಾಡಿನ ಕೊನೆಯ ನುಡಿಯಲ್ಲಿ ಬರುವ ಅಂಕಿತವನ್ನು ಗಮನಿಸಿದರೆ ಈ ವ್ಯತ್ಯಾಸ ತಿಳಿಯುತ್ತದೆ.

ಈ ಲೇಖನದಲ್ಲಿ ಎರಡು ವಿಷಯಗಳನ್ನು ನಿಮ್ಮ ಮುಂದಿಡುತ್ತೇವೆ. ಮೊದಲನೆಯದು, ಕನ್ನಡದಲ್ಲಿ ಹಾಡು ಕಟ್ಟಿದ ಹೆಣ್ಣುಮಕ್ಕಳು ಯಾರು, ಅವರಿಗೂ ನಮ್ಮ ಸೀಮೆಗೂ ಏನು ನಂಟು ಎಂಬುದು. ಎರಡನೆಯದು, ಅವರ ಹಾಡಿನ ಮಾತು ಉಳಿದರೂ ಧಾಟಿ ಏಕೆ ಕೈಜಾರುತ್ತಿದೆ, ಅದನ್ನು ಉಳಿಸಲು ನೀವು ಏನು ಮಾಡಬಹುದು ಎಂಬುದು.

ವಾಗ್ಗೇಯಕಾರ ಎಂದರೆ ಯಾರು?

‘ವಾಕ್’ ಎಂದರೆ ಮಾತು. ‘ಗೇಯ’ ಎಂದರೆ ಹಾಡುವಂಥದ್ದು. ಮಾತನ್ನೂ ಸ್ವರವನ್ನೂ ತಾವೇ ರಚಿಸಬಲ್ಲವರು ವಾಗ್ಗೇಯಕಾರರು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಸ್ಥಾನದಲ್ಲಿದ್ದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ಈ ವಿಷಯವನ್ನು ವಿವರಿಸಿದ್ದಾನೆ. ಹಾಡಿನ ಸಾಹಿತ್ಯಭಾಗಕ್ಕೆ ಅವನು ‘ಮಾತು’ ಎನ್ನುತ್ತಾನೆ, ಸ್ವರಭಾಗಕ್ಕೆ ‘ಧಾತು’ ಎನ್ನುತ್ತಾನೆ. ಈ ಎರಡನ್ನೂ ಬಲ್ಲವನಿಗೆ ಉತ್ತಮ ಸ್ಥಾನ. ಬೇರೆಯವರ ಧಾತುವಿಗೆ ತನ್ನ ಮಾತನ್ನು ಹೊಂದಿಸುವವನನ್ನು ‘ಕುಟ್ಟಿಕಾರ’ ಎಂದು ಕರೆದು ಕೆಳಗಿನ ಸ್ಥಾನ ಕೊಡುತ್ತಾನೆ.

ನಮ್ಮ ಮನೆಗಳಲ್ಲಿ ‘ಧಾಟಿ’ ಎಂದು ಕರೆಯುವುದು ಹೆಚ್ಚುಕಡಿಮೆ ಇದೇ ಧಾತುವನ್ನು. “ಈ ಹಾಡನ್ನು ಯಾವ ಧಾಟಿಯಲ್ಲಿ ಹೇಳಬೇಕು?” ಎಂದು ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ಕೇಳುವುದುಂಟು. “ಇಂಥ ಹಾಡಿನ ಧಾಟಿ” ಎಂದು ಉತ್ತರ ಬರುತ್ತದೆ. ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಮನೆಯ ಹಾಡುಗಾರಿಕೆಯಲ್ಲಿ ಧಾಟಿಗಳು ಹತ್ತಾರು ಜನರ ಸೊತ್ತು. ಬೀಸುವಾಗ, ಕುಟ್ಟುವಾಗ, ಮಗುವನ್ನು ತೂಗುವಾಗ, ಆರತಿ ಎತ್ತುವಾಗ ಬಳಕೆಯಲ್ಲಿದ್ದ ಧಾಟಿಗಳನ್ನು ತಿದ್ದಿ ತೀಡಿ ಹೊಸ ಹಾಡು ಕಟ್ಟುವುದು ಹೆಣ್ಣುಮಕ್ಕಳ ರೂಢಿ. ಶಾರ್ಙ್ಗದೇವನ ಲೆಕ್ಕದಲ್ಲಿ ಅಂಥವರು ಕುಟ್ಟಿಕಾರರಾಗಿಬಿಡುತ್ತಾರೆ. ಆದರೆ ಆ ಧಾಟಿಗಳನ್ನು ತಲೆಮಾರುಗಳ ಕಾಲ ರೂಪಿಸುತ್ತ ಬಂದವರೂ ಹೆಣ್ಣುಮಕ್ಕಳೇ ಅಲ್ಲವೇ? ಈ ಪ್ರಶ್ನೆಯನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಸಾಗೋಣ.

ದಾಸರ ಸೀಮೆ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ರಾಯಚೂರು ಸೀಮೆಯನ್ನು ಹರಿದಾಸರ ತವರು ಎಂದು ಕರೆಯುವುದು ಸುಮ್ಮನೆ ಅಲ್ಲ. ಪುರಂದರದಾಸರ, ಕನಕದಾಸರ ಕಾಲ ಮುಗಿದು ದಾಸಸಾಹಿತ್ಯದ ಪ್ರವಾಹ ತಗ್ಗಿದ ಮೇಲೆ ಅದಕ್ಕೆ ಮತ್ತೆ ನೀರು ಹರಿಸಿದವರು ಈ ಸೀಮೆಯವರು. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿ 1682ರಲ್ಲಿ ಹುಟ್ಟಿದ ವಿಜಯದಾಸರು (ನಿಧನ 1755), ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿ 1809ರಲ್ಲಿ ಕಾಲವಾದ ಜಗನ್ನಾಥದಾಸರು, ಈ ಮೂವರೂ ಗುರುಶಿಷ್ಯ ಪರಂಪರೆಗೆ ಸೇರಿದವರು.

ಸಂಗೀತದ ದೃಷ್ಟಿಯಿಂದ ಇವರ ಕೊಡುಗೆ ದೊಡ್ಡದು. ವಿಜಯದಾಸರ ಸುಳಾದಿಗಳನ್ನೇ ತೆಗೆದುಕೊಳ್ಳಿ. ಸುಳಾದಿ ಎಂದರೆ ಒಂದೇ ರಚನೆಯಲ್ಲಿ ಹಲವು ತಾಳಗಳ ನುಡಿಗಳು ಸಾಲಾಗಿ ಬರುವ ಪ್ರಬಂಧ. ಧ್ರುವ 14 ಎಣಿಕೆ, ಮಠ್ಯ 10, ರೂಪಕ 6, ಝಂಪೆ 10, ತ್ರಿಪುಟ 7, ಅಟ್ಟ 14, ಏಕ 4. ಇಂದಿಗೂ ಕರ್ನಾಟಕ ಸಂಗೀತದ ವಿದ್ಯಾರ್ಥಿಗಳು ಅಲಂಕಾರಗಳನ್ನು ಕಲಿಯುವುದು ಈ ಏಳು ತಾಳಗಳಲ್ಲಿಯೇ. ಅವುಗಳಿಗೆ ‘ಸುಳಾದಿ ಸಪ್ತತಾಳ’ ಎಂಬ ಹೆಸರೂ ಉಳಿದಿದೆ.

ಇನ್ನೊಂದು ಮಗ್ಗುಲನ್ನೂ ನೋಡಬೇಕು. ಪಂಡಿತರಿಗೆ ‘ಹರಿಕಥಾಮೃತಸಾರ’ವನ್ನು ಭಾಮಿನಿ ಷಟ್ಪದಿಯಲ್ಲಿ ಬರೆದುಕೊಟ್ಟ ಜಗನ್ನಾಥದಾಸರು, ‘ತತ್ತ್ವಸುವ್ವಾಲಿ’ಯನ್ನು ತ್ರಿಪದಿಯಲ್ಲಿ ರಚಿಸಿದರು. ‘ಸುವ್ವಿ’, ‘ಸುವ್ವಾಲಿ’ ಎಂಬವು ಒನಕೆ ಹಿಡಿದು ಕುಟ್ಟುವ ಹೆಣ್ಣುಮಕ್ಕಳ ಹಾಡಿನ ಮಾತುಗಳು. ತ್ರಿಪದಿ ಬೀಸುಕಲ್ಲಿನ ಮುಂದಿನ ಛಂದಸ್ಸು. ಇದಕ್ಕೂ ಮುಂಚೆ ಹದಿನಾರನೆಯ ಶತಮಾನದಲ್ಲಿ ಸೋದೆಯ ವಾದಿರಾಜರು ‘ಲಕ್ಷ್ಮೀ ಶೋಭಾನೆ’ಯನ್ನು ಕಟ್ಟಿದ್ದೂ ಮದುವೆಮನೆಯ ಶೋಭಾನೆಯ ಮಾದರಿಯಲ್ಲೇ. ಅಂದರೆ ದೊಡ್ಡ ದಾಸರೂ ಯತಿಗಳೂ ತಮ್ಮ ಮಾತು ಮನೆಮನೆಗೆ ಮುಟ್ಟಬೇಕೆಂದಾಗ ಹೆಣ್ಣುಮಕ್ಕಳ ಹಾಡಿನ ರೂಪವನ್ನು ಕಡ ತಂದರು. ಕೊಟ್ಟವರ ಹೆಸರು ಎಲ್ಲಿಯೂ ದಾಖಲಾಗಲಿಲ್ಲ.

ಹೆಳವನಕಟ್ಟೆ ಗಿರಿಯಮ್ಮ

ಹೆಸರು ದಾಖಲಾದ ಹೆಣ್ಣುಮಕ್ಕಳಲ್ಲಿ ಮೊದಲು ನೆನೆಯಬೇಕಾದವರು ಹೆಳವನಕಟ್ಟೆ ಗಿರಿಯಮ್ಮ. ಹದಿನೆಂಟನೆಯ ಶತಮಾನದ ಈ ಹರಿದಾಸಿ ಹುಟ್ಟಿದ್ದು ರಾಣೆಬೆನ್ನೂರಿನಲ್ಲಿ, ಸೇರಿದ ಮನೆ ಮಲೆಬೆನ್ನೂರಿನಲ್ಲಿ. ಅಲ್ಲಿಗೆ ಹತ್ತಿರದ ಹೆಳವನಕಟ್ಟೆಯ ರಂಗನಾಥ ಅವರ ಆರಾಧ್ಯದೈವ. ‘ಹೆಳವನಕಟ್ಟೆ ರಂಗ’ ಎಂಬುದೇ ಅವರ ಅಂಕಿತ. ಸಂಸಾರದ ಕಟ್ಟಿನಿಂದ ಬಿಡಿಸಿಕೊಳ್ಳಲು ಗಂಡನಿಗೆ ಬೇರೊಂದು ಮದುವೆ ಮಾಡಿಸಿ ತಾವು ದೇವರ ಸೇವೆಗೆ ನಿಂತರು ಎಂದು ಅವರ ಚರಿತ್ರೆ ಹೇಳುತ್ತದೆ. ಹಾಡಲು ಬಿಡುವು ಬೇಕಾದ ಹೆಣ್ಣುಮಗಳು ತೆರಬೇಕಾಗಿದ್ದ ಬೆಲೆ ಎಷ್ಟಿತ್ತು ಎಂಬುದನ್ನು ಇದರಿಂದ ಊಹಿಸಬಹುದು.

ಗಿರಿಯಮ್ಮನವರಿಗೂ ನಮ್ಮ ಸೀಮೆಗೂ ಇರುವ ನಂಟು ಗೋಪಾಲದಾಸರ ಮೂಲಕ ಬಂದದ್ದು. ಸಂಚಾರದಲ್ಲಿದ್ದ ಗೋಪಾಲದಾಸರು ಗಿರಿಯಮ್ಮನವರನ್ನು ಕಂಡು, ಅವರ ಭಕ್ತಿಯನ್ನು ಮೆಚ್ಚಿ, ಗೋಪಾಲಕೃಷ್ಣನ ವಿಗ್ರಹವೊಂದನ್ನು ಕೊಟ್ಟು ಹರಸಿದರು ಎಂದು ದಾಸಸಂಪ್ರದಾಯ ನಂಬಿಕೊಂಡು ಬಂದಿದೆ. ಮೊಸರಕಲ್ಲಿನ ದಾಸರೊಬ್ಬರು ಮಲೆಬೆನ್ನೂರಿನ ಹೆಣ್ಣುಮಗಳನ್ನು ತಮ್ಮ ಪರಂಪರೆಯ ಒಳಗೆ ಕರೆದುಕೊಂಡರು ಎಂಬುದೇ ಈ ಕಥೆಯ ತಿರುಳು. ದೇವದುರ್ಗದವರು ಹೆಮ್ಮೆಪಡಬೇಕಾದ ಸಂಗತಿ ಇದು.

ಗಿರಿಯಮ್ಮನವರು ಬಿಡಿ ಕೀರ್ತನೆಗಳ ಜೊತೆಗೆ ದೀರ್ಘವಾದ ಕಥನಗೀತೆಗಳನ್ನೂ ಕಟ್ಟಿದರು. ‘ಚಂದ್ರಹಾಸನ ಕಥೆ’, ‘ಸೀತಾಕಲ್ಯಾಣ’, ‘ಉದ್ದಾಲಿಕನ ಕಥೆ’, ‘ಬ್ರಹ್ಮಕೊರವಂಜಿ’ ಅವುಗಳಲ್ಲಿ ಕೆಲವು. ಇವೆಲ್ಲ ಓದುವುದಕ್ಕಿಂತ ಹಾಡುವುದಕ್ಕೇ ಹುಟ್ಟಿದವು. ಒಂದು ಕಥೆಯನ್ನು ಆದಿಯಿಂದ ಅಂತ್ಯದವರೆಗೆ ಹಾಡಿನಲ್ಲಿ ನಡೆಸಬೇಕಾದರೆ, ಕೇಳುವವರಿಗೆ ಬೇಸರ ಬರದಂತೆ ಧಾಟಿಯನ್ನು ಆರಿಸುವ, ಎಲ್ಲಿ ಏರಬೇಕು ಎಲ್ಲಿ ಇಳಿಯಬೇಕು ಎಂದು ತೀರ್ಮಾನಿಸುವ ತಿಳಿವಳಿಕೆ ಬೇಕು. ಅದು ಸಂಗೀತದ ತಿಳಿವಳಿಕೆಯೇ.

ಗಲಗಲಿ ಅವ್ವ, ಭೀಮವ್ವ, ಅಂಬಾಬಾಯಿ

ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಯ ದಡದಲ್ಲಿರುವ ಗಲಗಲಿಯಲ್ಲಿ ಹದಿನೆಂಟನೆಯ ಶತಮಾನದಲ್ಲಿ ‘ರಾಮೇಶ’ ಎಂಬ ಅಂಕಿತದಿಂದ ಹಾಡು ಕಟ್ಟಿದವರು ಗಲಗಲಿ ಅವ್ವ. ಅವರ ಹೆಸರಿನೊಡನೆ ‘ಮುಯ್ಯದ ಹಾಡು’ ನೆನಪಾಗುತ್ತದೆ. ಮುಯ್ಯ ಎಂದರೆ ಕೊಟ್ಟದ್ದಕ್ಕೆ ಪ್ರತಿಯಾಗಿ ಕೊಡುವುದು ಎಂದು ನಿಮಗೆ ತಿಳಿದೇ ಇದೆ. ದ್ರೌಪದಿ ಸುಭದ್ರೆಯರ ಕಡೆಯವರು ಒಂದು ಬದಿ, ರುಕ್ಮಿಣಿ ಸತ್ಯಭಾಮೆಯರ ಕಡೆಯವರು ಇನ್ನೊಂದು ಬದಿ. ಒಬ್ಬರು ಹಾಡಿನಲ್ಲೇ ಕೆಣಕಿದರೆ ಇನ್ನೊಬ್ಬರು ಹಾಡಿನಲ್ಲೇ ಮಾರುತ್ತರ ಕೊಡಬೇಕು. ಅತ್ತಿಗೆ ನಾದಿನಿಯರ ಜಗಳ, ಚೇಷ್ಟೆ, ಬುದ್ಧಿವಂತಿಕೆ ಎಲ್ಲವೂ ಅದರಲ್ಲಿ ತುಂಬಿರುತ್ತದೆ. ಇಂಥ ಹಾಡಿಗೆ ಎರಡು ಗುಂಪುಗಳು ಥಟ್ಟನೆ ಹಿಡಿಯಬಲ್ಲ, ಗಂಟೆಗಟ್ಟಲೆ ನಡೆಸಬಲ್ಲ ಧಾಟಿಯೇ ಆಗಬೇಕು. ಧಾಟಿ ಮೊದಲು ನಿಂತು, ಅದರ ಅಳತೆಗೆ ಮಾತು ಕೂಡುತ್ತ ಹೋಗುವ ಕೆಲಸ ಇದು.

ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಹರಪನಹಳ್ಳಿ ಭೀಮವ್ವ ಕಾಣುತ್ತಾರೆ. 1822ರಲ್ಲಿ ಹುಟ್ಟಿ 1903ರವರೆಗೆ ಬಾಳಿದ ಇವರ ಅಂಕಿತ ‘ಭೀಮೇಶಕೃಷ್ಣ’. ಹರಪನಹಳ್ಳಿ ಇಂದು ವಿಜಯನಗರ ಜಿಲ್ಲೆಯಲ್ಲಿದೆ. ದಾಸಪದ್ಧತಿಯಲ್ಲಿ ಅಂಕಿತವನ್ನು ಗುರುಗಳಿಂದ ಪಡೆಯಬೇಕು. ಭೀಮವ್ವನವರಿಗೆ ನಾರದರೇ ಕನಸಿನಲ್ಲಿ ಬಂದು ಅಂಕಿತ ಕೊಟ್ಟರು ಎಂಬ ನಂಬಿಕೆಯಿದೆ. ‘ನಳಚರಿತ್ರೆ’, ‘ಸುಧಾಮ ಚರಿತ್ರೆ’, ‘ಸುಭದ್ರಾ ಕಲ್ಯಾಣ’ ಅವರ ಕಥನಗೀತೆಗಳು. ಅವರೂ ಒಂದು ‘ಮುಯ್ಯದ ಹಾಡು’ ಕಟ್ಟಿದ್ದಾರೆ. ಆರತಿ, ಉರುಟಣೆ, ಜೋಗುಳದ ಹಾಡುಗಳಂತೂ ಹೆಣ್ಣುಮಕ್ಕಳ ನಿತ್ಯದ ಬಳಕೆಗೆ ಒದಗುವಂಥವು.

ಇಪ್ಪತ್ತನೆಯ ಶತಮಾನದಲ್ಲಿ ಚಿತ್ರದುರ್ಗದ ಅಂಬಾಬಾಯಿ ಇದ್ದಾರೆ. 1902ರಲ್ಲಿ ಹುಟ್ಟಿದ ಇವರು ಬಾಲ್ಯದಲ್ಲೇ ವೈಧವ್ಯಕ್ಕೆ ಗುರಿಯಾದರು. ‘ತಂದೆ ಮುದ್ದುಮೋಹನ’ ಎಂಬ ಅಂಕಿತದ ದಾಸರಿಂದ ‘ಗೋಪಾಲಕೃಷ್ಣವಿಠಲ’ ಎಂಬ ಅಂಕಿತ ಪಡೆದು ಕೀರ್ತನೆಗಳನ್ನು ರಚಿಸಿದರು. ಮನೆಯ ಮೂಲೆಯಲ್ಲಿ ಕೂರಬೇಕೆಂದು ಸಮಾಜ ವಿಧಿಸಿದ್ದ ಹೆಣ್ಣುಮಗಳಿಗೆ ಅಂಕಿತವೊಂದು ಸ್ಥಾನವನ್ನೂ ಕೆಲಸವನ್ನೂ ತಂದುಕೊಟ್ಟಿತು.

ಅಂಕಿತ ಕಾಪಾಡಿದ್ದು ಏನನ್ನು?

ಅಂಕಿತದ ಮಹತ್ವ ತಿಳಿಯಲು ದೂರದ ಒಂದು ದೇಶದ ಕಡೆಗೆ ಒಮ್ಮೆ ನೋಡೋಣ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಫೆಲಿಕ್ಸ್ ಮೆಂಡೆಲ್‌ಸನ್ ಎಂಬ ಜರ್ಮನಿಯ ಸಂಗೀತಗಾರರ ಹೆಸರು ಬಲು ದೊಡ್ಡದು. ಅವರ ಅಕ್ಕ ಫ್ಯಾನಿ (1805–1847) ಕೂಡ ಅಷ್ಟೇ ಚೆನ್ನಾಗಿ ಸಂಗೀತ ರಚಿಸುತ್ತಿದ್ದರು. ಆದರೆ ಮರ್ಯಾದಸ್ಥ ಮನೆತನದ ಹೆಣ್ಣುಮಗಳು ತನ್ನ ರಚನೆಗಳನ್ನು ಅಚ್ಚು ಹಾಕಿಸುವುದು ಮನೆಯವರಿಗೆ ಸಮ್ಮತವಿರಲಿಲ್ಲ. ಹೀಗಾಗಿ ಫ್ಯಾನಿಯ ಆರು ಹಾಡುಗಳು ತಮ್ಮನ ಹೆಸರಿನ ಸಂಕಲನಗಳಲ್ಲಿ ಸೇರಿಕೊಂಡವು. 1842ರಲ್ಲಿ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ ತಮಗೆ ಪ್ರಿಯವಾದ ಫೆಲಿಕ್ಸರ ಹಾಡೊಂದನ್ನು ಅವರ ಮುಂದೆಯೇ ಹಾಡಿದಾಗ, ಅದು ತಮ್ಮ ಅಕ್ಕನ ರಚನೆ ಎಂದು ಫೆಲಿಕ್ಸ್ ಒಪ್ಪಿಕೊಳ್ಳಬೇಕಾಯಿತು. ಫ್ಯಾನಿ ಸ್ವಂತ ಹೆಸರಿನಲ್ಲಿ ಹಾಡುಗಳನ್ನು ಅಚ್ಚಿಗೆ ಕೊಟ್ಟದ್ದು 1846ರಲ್ಲಿ. ಮರುವರ್ಷವೇ ಅವರು ತೀರಿಕೊಂಡರು. ಅವರ ಒಂದು ದೊಡ್ಡ ಪಿಯಾನೊ ರಚನೆಯ ಹಸ್ತಪ್ರತಿ ಸಿಕ್ಕಾಗಲೂ ಅದು ತಮ್ಮನದೆಂದೇ ತಿಳಿಯಲಾಗಿತ್ತು. ಅದು ಫ್ಯಾನಿಯದೇ ಎಂದು ಸಂಶೋಧಕಿಯೊಬ್ಬರು ತೋರಿಸಿಕೊಟ್ಟದ್ದು 2010ರಲ್ಲಿ.

ಈಗ ಎರಡನ್ನೂ ಹೋಲಿಸಿ ನೋಡಿ. ಫ್ಯಾನಿಯ ಸಂಗೀತ ಸ್ವರಲಿಪಿಯಲ್ಲಿ ಬರೆದಿಟ್ಟದ್ದರಿಂದ ಒಂದು ಸ್ವರವೂ ಬಿಡದೆ ಉಳಿಯಿತು, ಹೆಸರು ಕಳೆದುಹೋಗಿತ್ತು. ಗಿರಿಯಮ್ಮನವರ ಅಂಕಿತ ಹಾಡಿನ ಒಳಗೇ ಹೊಲಿದುಕೊಂಡಿದ್ದರಿಂದ ಹಾಡು ಯಾರದೆಂಬುದು ಉಳಿಯಿತು. ಅವರು ಹಾಡಿದ ಧಾಟಿ ಕಳೆದುಹೋಯಿತು. ಕೊನೆಯ ನುಡಿಯನ್ನು ಬಿಟ್ಟರೆ ಹಾಡು ಮುಗಿಯುವುದಿಲ್ಲ. ಕೊನೆಯ ನುಡಿ ಹೇಳಿದರೆ ಅಂಕಿತ ಬರಲೇಬೇಕು. ಹೀಗೆ ಓದುಬರಹ ತಿಳಿಯದ ಹೆಣ್ಣುಮಕ್ಕಳ ಬಾಯಲ್ಲೂ ಇನ್ನೂರು ಮುನ್ನೂರು ವರ್ಷ ರಚನೆಕಾರ್ತಿಯ ಗುರುತು ಅಳಿಯದೆ ಬಂತು.

ಆದರೂ ಒಂದು ತೊಡಕಿದೆ. ಅಂಕಿತದಲ್ಲಿರುವುದು ದೇವರ ಹೆಸರು. ‘ಭೀಮೇಶಕೃಷ್ಣ’ ಎಂದಾಗ ಅದರ ಹಿಂದೆ ಭೀಮವ್ವ ಇದ್ದಾರೆಂದು ಕೇಳುವವರಿಗೆ ತಿಳಿದಿರಬೇಕು. ತಿಳಿಯದಿದ್ದರೆ ಅದೂ “ಯಾರೋ ದಾಸರ ಪದ” ಆಗಿಬಿಡುತ್ತದೆ. ಆದ್ದರಿಂದ ಅಂಕಿತಗಳನ್ನು ಮಕ್ಕಳಿಗೆ ಪರಿಚಯ ಮಾಡಿಸುವುದು ಮೊದಲ ಕೆಲಸ. ಹೆಳವನಕಟ್ಟೆ ರಂಗ, ರಾಮೇಶ, ಭೀಮೇಶಕೃಷ್ಣ, ಗೋಪಾಲಕೃಷ್ಣವಿಠಲ ಎಂಬ ನಾಲ್ಕನ್ನಾದರೂ ಮನೆಯ ಹಾಡಿನ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.

ಧಾಟಿ ಏಕೆ ಉಳಿಯಲಿಲ್ಲ?

ದಾಸರ ಹಾಡುಗಳು ಅಚ್ಚಾಗತೊಡಗಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನಿಂದ ದಾಸರ ಪದಗಳ ಸಂಗ್ರಹವನ್ನು ಹೊರತಂದರು. ನಮ್ಮ ರಾಯಚೂರು ಜಿಲ್ಲೆಯವರೇ ಆದ ಲಿಂಗಸುಗೂರಿನ ಗೋರೆಬಾಳ ಹನುಮಂತರಾಯರು ಮನೆಮನೆಯ ಹಸ್ತಪ್ರತಿಗಳನ್ನು ಹುಡುಕಿ ದಾಸಸಾಹಿತ್ಯವನ್ನು ಪ್ರಕಟಿಸಿದ ಪುಣ್ಯಾತ್ಮರು. ಅನಂತರ ವಿಶ್ವವಿದ್ಯಾಲಯಗಳ ವಿದ್ವಾಂಸರೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೂ ಆ ಕೆಲಸವನ್ನು ಮುಂದುವರಿಸಿದ್ದರಿಂದ ಹರಿದಾಸಿಯರ ಹಾಡುಗಳು ಇಂದು ಗ್ರಂಥರೂಪದಲ್ಲಿ ಸಿಗುತ್ತವೆ. ಈ ಎಲ್ಲರಿಗೂ ನಾವು ಋಣಿಗಳು.

ಆದರೆ ಅಚ್ಚಾದದ್ದು ಮಾತು. ಹಾಡಿನ ಮೇಲೆ ‘ರಾಗ ಇಂಥದ್ದು, ತಾಳ ಇಂಥದ್ದು’ ಎಂದು ಒಂದು ಸಾಲು ಇರುವುದುಂಟು. ರಾಗದ ಹೆಸರೇ ಧಾಟಿ ಎಂದು ಹಲವರು ತಿಳಿಯುತ್ತಾರೆ, ಹಾಗಲ್ಲ. ರಾಗ ಒಂದು ಹೊಲವಿದ್ದಂತೆ. ಧಾಟಿ ಆ ಹೊಲದಲ್ಲಿ ನಡೆದು ಬಿದ್ದ ಕಾಲುದಾರಿ. ಒಂದೇ ಹೊಲದಲ್ಲಿ ಹತ್ತು ಕಾಲುದಾರಿಗಳು ಇರಬಹುದು. ಕಾಂಬೋದಿ ಎಂದು ಬರೆದಿದ್ದರೆ ಕಾಂಬೋದಿಯಲ್ಲಿ ನೂರು ಬಗೆಯಾಗಿ ಹಾಡಬಹುದು. ಅವುಗಳಲ್ಲಿ ರಚಿಸಿದವರು ನಡೆದ ದಾರಿ ಯಾವುದು ಎಂದು ಆ ಒಂದು ಸಾಲು ಹೇಳುವುದಿಲ್ಲ.

ಎಲ್ಲೆಲ್ಲಿ ಸ್ವರ ಹಾಕಿ ಬರೆದಿಟ್ಟರೋ ಅಲ್ಲಿ ಧಾಟಿ ಉಳಿದಿದೆ. 1904ರಲ್ಲಿ ಸುಬ್ಬರಾಮ ದೀಕ್ಷಿತರು ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯನ್ನು ಸ್ವರಲಿಪಿಯೊಡನೆ ಪ್ರಕಟಿಸಿದ್ದರಿಂದ ಮುತ್ತುಸ್ವಾಮಿ ದೀಕ್ಷಿತರ ಕೃತಿಗಳ ಸ್ವರರೂಪ ನಮಗೆ ದೊರೆಯಿತು. ಹಿಂದುಸ್ತಾನಿಯಲ್ಲಿ ವಿಷ್ಣು ನಾರಾಯಣ ಭಾತಖಂಡೆಯವರು ಘರಾನೆಗಳ ಬಂದಿಶ್‌ಗಳನ್ನು ಸ್ವರ ಹಾಕಿ ಅಚ್ಚು ಮಾಡಿಸಿದರು. ಅಡುಗೆಮನೆಯ, ಪಡಸಾಲೆಯ ಹಾಡಿನ ಮುಂದೆ ಸ್ವರ ಬರೆಯುವವರು ಕೂರಲಿಲ್ಲ. ಅದು ‘ಹೆಂಗಸರ ಹಾಡು’, ಅದರಲ್ಲಿ ಸಂಗೀತವೇನಿದೆ ಎಂಬ ಅಸಡ್ಡೆಯೂ ಇದಕ್ಕೆ ಒಂದು ಕಾರಣ.

ಧಾಟಿ ತಿಳಿಯದಾಗ ಕಛೇರಿಯ ಗಾಯಕರು ಹೊಸದಾಗಿ ರಾಗ ಸಂಯೋಜಿಸಿಕೊಳ್ಳುತ್ತಾರೆ. ಇದು ತಪ್ಪೇನೂ ಅಲ್ಲ. ಪಂಡಿತ ಭೀಮಸೇನ ಜೋಶಿಯವರ ದಾಸವಾಣಿಯೂ, ಎಂ. ಎಲ್. ವಸಂತಕುಮಾರಿಯವರ ದೇವರನಾಮಗಳೂ ದಾಸರ ಪದಗಳನ್ನು ದೇಶದ ಮೂಲೆಮೂಲೆಗೆ ಮುಟ್ಟಿಸಿದವು. ರಾಯಚೂರಿನ ರಂಗಮಂದಿರಕ್ಕೆ ಹೆಸರು ಕೊಟ್ಟಿರುವ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರು ಶರಣರ ವಚನಗಳನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡಿ ಜನಪ್ರಿಯಗೊಳಿಸಿದರು. ಇವರ ಕೊಡುಗೆ ದೊಡ್ಡದು. ಆದರೆ ಹೊಸ ಸಂಯೋಜನೆ ಪ್ರಸಿದ್ಧವಾದಂತೆಲ್ಲ ಮನೆಯ ಹಳೆಯ ಧಾಟಿ ಹಿಂದೆ ಸರಿಯುತ್ತದೆ. ಮೊಮ್ಮಗಳು ಕ್ಯಾಸೆಟ್ಟಿನಿಂದಲೋ ಮೊಬೈಲಿನಿಂದಲೋ ಕಲಿತ ಧಾಟಿಯೇ ಸರಿ ಎನ್ನುತ್ತಾಳೆ, ಅಜ್ಜಿ ಸುಮ್ಮನಾಗುತ್ತಾಳೆ.

ಇತ್ತೀಚಿನ ಕಾಲದ ಎರಡು ಉದಾಹರಣೆಗಳು ಈ ವಿಷಯವನ್ನು ಇನ್ನಷ್ಟು ತಿಳಿಗೊಳಿಸುತ್ತವೆ. ತಮಿಳುನಾಡಿನ ಅಂಬುಜಂ ಕೃಷ್ಣ (1917–1989) ನೂರಾರು ಕೀರ್ತನೆಗಳ ಸಾಹಿತ್ಯ ರಚಿಸಿದರು; ಅವುಗಳಿಗೆ ರಾಗ ಸಂಯೋಜಿಸಿದವರು ಬೇರೆ ಬೇರೆ ವಿದ್ವಾಂಸರು. ಮಾತು ಒಬ್ಬರದು, ಧಾತು ಇನ್ನೊಬ್ಬರದು ಎಂಬುದು ಇಲ್ಲಿ ಸ್ಪಷ್ಟವಾಗಿ ದಾಖಲಾಗಿದೆ. ಪುಣೆಯ ಡಾ. ಪ್ರಭಾ ಅತ್ರೆ (1932–2024) ಕಿರಾನಾ ಘರಾನೆಯ ಗಾಯಕಿ. ಅವರು ಬಂದಿಶ್‌ಗಳ ಮಾತನ್ನೂ ಸ್ವರವನ್ನೂ ತಾವೇ ರಚಿಸಿ, ಸ್ವರಲಿಪಿಯೊಡನೆ ಪುಸ್ತಕಗಳಾಗಿ ಪ್ರಕಟಿಸಿದರು. ಶಾರ್ಙ್ಗದೇವನ ಅಳತೆಗೂ ಅವರು ಉತ್ತಮ ವಾಗ್ಗೇಯಕಾರರೇ. ತಮ್ಮ ರಚನೆಯನ್ನು ತಾವೇ ಬರೆದಿಡುವ ಅವಕಾಶ ಗಿರಿಯಮ್ಮನವರಿಗೂ ಭೀಮವ್ವನವರಿಗೂ ಇರಲಿಲ್ಲ.

ನೀವು ಮಾಡಬಹುದಾದದ್ದು

ಗಿರಿಯಮ್ಮನವರು ಹಾಡಿದ ಧಾಟಿ ಇದೇ ಎಂದು ಇಂದು ಯಾರೂ ಆಣೆ ಮಾಡಿ ಹೇಳಲಾರರು. ಆದರೆ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದ ಧಾಟಿಗಳು ಇನ್ನೂ ಕೆಲವು ಮನೆಗಳಲ್ಲಿ ಉಳಿದಿವೆ. ಅವುಗಳನ್ನು ಬಲ್ಲವರಿಗೆ ವಯಸ್ಸಾಗಿದೆ. ಅವರೊಡನೆ ಹೋದರೆ ಮತ್ತೆ ಸಿಗುವುದಿಲ್ಲ. ಕೆಲಸ ಕಷ್ಟದ್ದೇನಲ್ಲ; ಕೆಳಗಿನ ಕ್ರಮವನ್ನು ಅನುಸರಿಸಬಹುದು.

ಒಂದು: ಹಾಡುವವರನ್ನು ಅವಸರಪಡಿಸಬೇಡಿ. ಗಂಟಲು ಸರಿಯಿಲ್ಲ, ನೆನಪಿಲ್ಲ ಎಂದು ಮೊದಲು ಹಿಂಜರಿಯುವುದು ಸಹಜ. ಜೊತೆಗೆ ಹಾಡುವವರು ಇನ್ನೊಬ್ಬರಿದ್ದರೆ ಹಾಡು ತಾನಾಗಿ ಹೊರಡುತ್ತದೆ. ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡುವಾಗ ಫ್ಯಾನು, ಟಿ.ವಿ. ಆರಿಸಿ, ಫೋನನ್ನು ಒಂದು ಮೊಳ ದೂರದಲ್ಲಿ ಇಡಿ.

ಎರಡು: ಮೊದಲ ನುಡಿ ಹಾಡಿಸಿ ಸಾಕೆನ್ನಬೇಡಿ. ಅಂಕಿತ ಬರುವ ಕೊನೆಯ ನುಡಿಯವರೆಗೆ ಪೂರ್ತಿ ಹಾಡಿಸಿ. ನಡುವಿನ ನುಡಿಗಳಲ್ಲಿ ಧಾಟಿ ಬದಲಾಗುವುದುಂಟು.

ಮೂರು: ಮುದ್ರಣದ ಕೊನೆಯಲ್ಲಿ, ಹಾಡಿದವರ ಒಪ್ಪಿಗೆ ಪಡೆದು, ಅವರ ಹೆಸರು, ಊರು, ಹಾಡನ್ನು ಯಾರಿಂದ ಕಲಿತರು, ಯಾವ ಸಂದರ್ಭದಲ್ಲಿ ಹಾಡುತ್ತಾರೆ ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ. ತವರಿನ ಧಾಟಿಯೋ ಗಂಡನ ಮನೆಯ ಧಾಟಿಯೋ ಎಂದು ಕೇಳುವುದನ್ನು ಮರೆಯಬೇಡಿ. ದೇವದುರ್ಗದಲ್ಲಿ ಹಾಡುವ ಧಾಟಿ ಗದ್ವಾಲದಿಂದಲೋ ಸುರಪುರದಿಂದಲೋ ಸೊಸೆಯ ಜೊತೆಗೆ ಬಂದಿರಬಹುದು.

ನಾಲ್ಕು: ಕೈಯಲ್ಲಿ ತಾಳ ಹಾಕಿ ಎಣಿಸಿ. ಎಂಟಕ್ಕೆ ಸುತ್ತು ಮುಗಿದರೆ ಆದಿತಾಳ, ಆರಕ್ಕೆ ಮುಗಿದರೆ ರೂಪಕ, ಏಳಕ್ಕೆ ಮುಗಿದರೆ ತ್ರಿಪುಟ ಎಂದು ಕರ್ನಾಟಕ ಪದ್ಧತಿಯವರು ಗುರುತಿಸುತ್ತಾರೆ. ಹಿಂದುಸ್ತಾನಿಯವರು ಎಂಟಕ್ಕೆ ಕೆಹರವಾ, ಆರಕ್ಕೆ ದಾದರಾ, ಏಳಕ್ಕೆ ರೂಪಕ್ ಎನ್ನುತ್ತಾರೆ. ಎರಡೂ ಪದ್ಧತಿಗಳನ್ನು ಕೇಳಿ ಬೆಳೆದ ನಮ್ಮ ಸೀಮೆಯಲ್ಲಿ ಹೆಸರಿಗಾಗಿ ಜಗಳ ಬೇಡ. ಎಣಿಕೆಯನ್ನು ಬರೆದಿಟ್ಟರೆ ಸಾಕು.

ಐದು: ಊರಿನ ಸಂಗೀತ ಶಿಕ್ಷಕರ ಸಹಾಯದಿಂದ ಪಲ್ಲವಿಗೂ ಒಂದು ನುಡಿಗೂ ಸ್ವರ ಹಾಕಿಸಿ. ಶಾಸ್ತ್ರೀಯ ರಾಗದ ಲಕ್ಷಣಕ್ಕೆ ಹೊಂದದ ಸ್ವರ ಬಂದರೆ ಅದನ್ನು ತಿದ್ದದೆ ಇದ್ದಂತೆಯೇ ಬರೆಯಲು ಹೇಳಿ. ಎಷ್ಟೋ ಹಳೆಯ ಧಾಟಿಗಳ ವಿಶೇಷ ಆ ಸ್ವರದಲ್ಲಿಯೇ ಇರುತ್ತದೆ.

ಆರು: ಒಂದೇ ಕಡೆ ಇಡಬೇಡಿ. ಫೋನು ಕೆಟ್ಟರೆ ಎಲ್ಲವೂ ಹೋಗುತ್ತದೆ. ಮನೆಯ ಇಬ್ಬರು ಮೂವರ ಹತ್ತಿರ ಪ್ರತಿಗಳಿರಲಿ. ಭಜನಾ ಮಂಡಳಿಯಲ್ಲಿ ಒಂದು, ಹತ್ತಿರದ ಕಾಲೇಜಿನ ಕನ್ನಡ ವಿಭಾಗದಲ್ಲಿ ಒಂದು ಇದ್ದರೆ ಇನ್ನೂ ಒಳ್ಳೆಯದು.

ಮಾನ್ವಿಯಲ್ಲಿ ಭಾದ್ರಪದ ಶುದ್ಧ ನವಮಿಯ ಹೊತ್ತಿಗೆ ಜಗನ್ನಾಥದಾಸರ ಆರಾಧನೆ, ಕಾರ್ತಿಕ ಶುದ್ಧ ದಶಮಿಗೆ ವಿಜಯದಾಸರ ಆರಾಧನೆ, ಪುಷ್ಯ ಬಹುಳ ಅಷ್ಟಮಿಗೆ ಗೋಪಾಲದಾಸರ ಆರಾಧನೆ ನಡೆಯುತ್ತವೆ. ಆ ದಿನಗಳಲ್ಲಿ ಭಜನಾ ಮಂಡಳಿಯ ಹೆಣ್ಣುಮಕ್ಕಳು ಒಂದೆಡೆ ಸೇರುತ್ತಾರೆ. ಗುರುಗಳ ಪದಗಳ ಜೊತೆಗೆ ಗಿರಿಯಮ್ಮನವರದೊಂದು, ಗಲಗಲಿ ಅವ್ವನವರದೊಂದು, ಭೀಮವ್ವನವರದೊಂದು ಹಾಡನ್ನು ಹೆಸರು ಹೇಳಿ ಹಾಡುವ ರೂಢಿ ಮಾಡಿದರೆ ಆರಾಧನೆಗೆ ಲೋಪವೇನೂ ಆಗದು. ಗೋಪಾಲದಾಸರಂತೂ ಗಿರಿಯಮ್ಮನವರನ್ನು ಅಂದೇ ಪರಂಪರೆಗೆ ಸೇರಿಸಿಕೊಂಡಿದ್ದಾರೆ.

ಶಾಲೆ ಕಾಲೇಜುಗಳ ಶಿಕ್ಷಕರಿಗೂ ಒಂದು ಮಾತು. ಮಹಿಳಾ ದಿನಾಚರಣೆಯಂದು ಭಾಷಣಗಳ ಜೊತೆಗೆ ವಿದ್ಯಾರ್ಥಿನಿಯರಿಗೆ ಈ ಕೆಲಸ ಒಪ್ಪಿಸಿ ನೋಡಿ: ಪ್ರತಿಯೊಬ್ಬಳೂ ತನ್ನ ಮನೆಯ ಅಥವಾ ಓಣಿಯ ಹಿರಿಯರೊಬ್ಬರಿಂದ ಒಂದು ಹಾಡು ಕಲಿತು ಬರಬೇಕು, ಅಂಕಿತವನ್ನೂ ಧಾಟಿ ಬಂದ ದಾರಿಯನ್ನೂ ಹೇಳಬೇಕು. ಮೂವತ್ತು ಹುಡುಗಿಯರ ತರಗತಿಯಿಂದ ಮೂವತ್ತು ಧಾಟಿಗಳು ಬರುತ್ತವೆ. ಅವುಗಳಲ್ಲಿ ಅಂಕಿತವೇ ಇಲ್ಲದ ಬೀಸುಕಲ್ಲಿನ ಪದಗಳೂ, ಬೇರೆ ಬೇರೆ ಸಮುದಾಯಗಳ ಸೋಬಾನೆ ಪದಗಳೂ ಇರುತ್ತವೆ, ಅವುಗಳನ್ನೂ ಸೇರಿಸಿಕೊಳ್ಳಿ. ಹೆಸರು ಹೇಳಿಕೊಳ್ಳುವ ಅವಕಾಶ ಸಿಗದ ರಚನೆಕಾರ್ತಿಯರ ಹಾಡುಗಳು ಅವು.

ಈ ಬಾರಿ ಹಬ್ಬಕ್ಕೆ ಮನೆಯಲ್ಲಿ ಹಾಡು ಎದ್ದಾಗ ಕೊನೆಯ ನುಡಿಯವರೆಗೆ ಕೂತು ಕೇಳಿ. ಅಂಕಿತ ಯಾರದೆಂದು ಗುರುತಿಸಿ. ಹಾಗೆಯೇ, “ಈ ಧಾಟಿ ನಿನಗೆ ಯಾರು ಕಲಿಸಿದರು, ಅವ್ವ?” ಎಂದೂ ಕೇಳಿ, ಉತ್ತರವನ್ನು ಅಂದೇ ಬರೆದಿಡಿ.